ಗವಿಯ ಬಾಗಿಲಲ್ಲಿ ಗಣನೆ



ಚಿನ್ನಕ್ಕೂ ರೇಷ್ಮೆಗೂ ಹೆಸರಾಂತ ಈ ಕೋಲಾರ ಸೀಮೆಯಲ್ಲಿ ಬಾವಲಿಗಾಗಿ ಒಂದು ಪ್ರದರ್ಶನ ನೆರವೇರುವುದೆಂದು ಕೇಳಿ ನಕ್ಕವರು ಕೆಲವರುಂಟು. ಬಾವಲಿ ಮನೆಹೊಕ್ಕರೆ ಅಪಶಕುನವೆಂದು ಬೆದರುವ ಜನರ ನಡುವೆ ಬೆಳೆದ ನಾನು ಆ ನಗೆಯನ್ನು ಆಕ್ಷೇಪಿಸಲಾರೆ. ಆದರೆ 1994ರಲ್ಲಿ ಶಾಸ್ತ್ರಜ್ಞರು ಪ್ರತ್ಯೇಕ ಪ್ರಭೇದವೆಂದು ವರ್ಣಿಸಿದ, ಈ ಊರ ಹೆಸರನ್ನೇ ಹೊತ್ತ ಕೋಲಾರದ ಎಲೆಮೂಗಿನ ಬಾವಲಿಯು ಹನುಮನಹಳ್ಳಿಯ ಕಲ್ಲುಗವಿಯೊಂದನ್ನುಳಿದು ಜಗತ್ತಿನಲ್ಲಿ ಅನ್ಯತ್ರ ಈಗ ಇರುವುದಾಗಿ ತಿಳಿದುಬಂದಿಲ್ಲ. ಗಣನೆ ಮಾಡಿದವರು ಹೇಳುವಂತೆ ಅವು ಇನ್ನೂರಕ್ಕೂ ಕಡಿಮೆ. ತೇರಹಳ್ಳಿಯಲ್ಲಿದ್ದ ಮತ್ತೊಂದು ಹಿಂಡು ಈಗ ಇಲ್ಲ. ಬಹುಪಾಲು ಬಾವಲಿಗಳು ವರ್ಷಕ್ಕೊಂದೇ ಮರಿಯನ್ನು ಹೆರುವವಾದುದರಿಂದ, ಕಲ್ಲುಗಣಿಯ ಸಿಡಿಮದ್ದು ಒಂದು ದಿನದಲ್ಲಿ ಚದುರಿಸಿದುದನ್ನು ಪ್ರಕೃತಿಯು ಹಲವು ಸಂವತ್ಸರಗಳಲ್ಲಿಯೂ ಮರಳಿ ಕೂಡಿಸಲಾರದು.

ಇಂತಹ ಜೀವಿಯನ್ನು ಎಣಿಸುವುದೆಂತು? ಸೆಕೆಂಡಿಗೆ 20,000 ಕಂಪನಗಳನ್ನು ಮೀರಿದ ಸ್ವರವು ನಮ್ಮ ಕಿವಿಗೆ ನಿಲುಕದು. 1938ರಲ್ಲಿ ಹಾರ್ವರ್ಡಿನ ವಿದ್ಯಾರ್ಥಿಯಾಗಿದ್ದ ಡೊನಾಲ್ಡ್ ಗ್ರಿಫಿನ್, ಅಂತಹ ಸ್ವರವನ್ನು ಗ್ರಹಿಸಲು ಪ್ರೊಫೆಸರ್ ಪಿಯರ್ಸರು ನಿರ್ಮಿಸಿದ್ದ ಯಂತ್ರದ ಮುಂದೆ ಬಾವಲಿಗಳನ್ನು ಒಯ್ದು ಅವುಗಳ ತೋರಿಕೆಯ ಮೌನವು ಮೌನವೇ ಅಲ್ಲವೆಂದು ಕಂಡುಕೊಂಡರು. ಇಲ್ಲಿ ಮೇಜಿನ ಮೇಲಿರಿಸಿರುವ ಅಂಗೈಯಗಲದ ಶ್ರವಣಯಂತ್ರಗಳು ಅದರ ಸಂತತಿಯವು. ಹಾರಿಹೋದುದು ಯಾವ ಪ್ರಭೇದವೆಂಬುದನ್ನು ಅವು ಬಹುಮಟ್ಟಿಗೆ ತಿಳಿಸುವುವು, ಎಷ್ಟೆಂಬುದನ್ನು ತಿಳಿಸವು. ಅವುಗಳನ್ನೇ ನಂಬಿ ಎಣಿಸಿದರೆ, ಕಣ್ಣುಮುಚ್ಚಿ ಗುಡಿಯಲ್ಲಿ ಕುಳಿತವನು ಒಬ್ಬಳೇ ಹೆಣ್ಣುಮಗಳು ಹತ್ತು ಪ್ರದಕ್ಷಿಣೆ ಬಂದ ಗೆಜ್ಜೆಯ ಸದ್ದನ್ನು ಕೇಳಿ ಹತ್ತು ಮಂದಿ ಬಂದರೆಂದು ಎಣಿಸಿದಂತಾದೀತು.

ಆದುದರಿಂದ ಸಂಜೆ ಗವಿಯ ಬಾಯಿಂದ ತುಸು ದೂರದಲ್ಲಿ ಕುಳಿತು, ಹೊರಟವುಗಳಿಂದ ಮರಳಿ ಒಳಹೊಕ್ಕವನ್ನು ಕಳೆದು, ಕತ್ತಲಲ್ಲಿಯೂ ಕಾಣುವ ಕ್ಯಾಮೆರಾದ ಚಿತ್ರದೊಡನೆ ಆ ಲೆಕ್ಕವನ್ನು ತಾಳೆನೋಡುವುದೇ ಯುಕ್ತ. ಅದೇ ಗವಿಯಲ್ಲಿ ಅನ್ಯ ಪ್ರಭೇದಗಳೂ ಕಲೆತಿರುವುದರಿಂದ ಕಣ್ಣಿನ ಲೆಕ್ಕಕ್ಕೆ ಕಿವಿಯ ಸಾಕ್ಷ್ಯವೂ ಬೇಕು. ಒಂದು ಸಂಜೆಯ ಅಂಕಿಯನ್ನು ಪತ್ರಿಕೆಯಲ್ಲಿ ಅಚ್ಚುಹಾಕಿಸಿ ಸಂತೋಷಪಡುವವರನ್ನು ಕಂಡರೆ ನನಗೆ ಸ್ವಲ್ಪ ಅಸಹನೆಯೇ ಉಂಟಾಗುವುದು. ಅದೇ ಋತುವಿನಲ್ಲಿ, ಅದೇ ಹೊತ್ತಿನಲ್ಲಿ, ಅದೇ ವಿಧಾನದಿಂದ ವರ್ಷವರ್ಷವೂ ಎಣಿಸಿದಲ್ಲದೆ ಹಿಂಡು ಕ್ಷೀಣಿಸುತ್ತಿದೆಯೋ ಚೇತರಿಸುತ್ತಿದೆಯೋ ನಿರ್ಣಯಿಸಲಾಗದು.

ಎಣಿಸುವವರೇ ಉಪದ್ರವವಾಗುವುದೂ ಉಂಟು. ಮರಿಯನ್ನು ಅವಚಿಕೊಂಡ ತಾಯಿ ಬೆದರಿ ಹಾರಿದರೆ ಮರಿ ಕೆಳಗೆ ಬೀಳಬಹುದು. ಪದೇ ಪದೇ ಕದಡಿದ ಗವಿಯನ್ನು ಹಿಂಡು ಬಿಟ್ಟೇ ಹೋಗಬಹುದು. ಗಣನೆಗೆ ಹೆಸರು ಬರೆಸಿರುವ ತರುಣರು ಟಾರ್ಚನ್ನೂ ಪಟಗುಟ್ಟುವ ಜರಿಯ ಅಂಗಿಯನ್ನೂ ಮನೆಯಲ್ಲಿಯೇ ಇರಿಸಿ ಬರಲಿ. ಒಳಗೆ ಕಾಲಿಡುವ ಆಸೆಯನ್ನು ಇಲ್ಲಿಯೇ ಬಿಡಲಿ, ಅದಕ್ಕಾಗಿಯೇ ಆ ಮೂಲೆಯಲ್ಲಿ ಗವಿಯ ಮಾದರಿಯೊಂದನ್ನು ಕಟ್ಟಿಸಲಾಗಿದೆ. ಪ್ರದರ್ಶನವು ಉದ್ಘಾಟಿತವಾಯಿತೆಂದು ಸಂತೋಷದಿಂದ ಸಾರುತ್ತೇನೆ. ದಯಮಾಡಿ ಮೊದಲು ಮಕ್ಕಳನ್ನು ಒಳಗೆ ಬಿಡಿ.