ಎಣ್ಣೆಯ ಜಾಡು

'ಎಣ್ಣೆ' ಎಂಬ ನಮ್ಮ ಮಾತು ಎಳ್ಳಿನಿಂದ ಬಂದದ್ದು. ಎಳ್ಳಿನ ನೆಯ್, ಎಂದರೆ ಎಳ್ಳಿನ ಜಿಡ್ಡು, ಎಣ್ಣೆಯಾಯಿತು. ಸಂಸ್ಕೃತದ 'ತೈಲ'ವೂ ತಿಲದಿಂದಲೇ ಹುಟ್ಟಿತು. ಗಾಣದ ಈ ಮಾತು ಮುಂದೆ ಹಡಗು ಹತ್ತಿ ಬಂದ ದೀಪದೆಣ್ಣೆಗೂ ಅಂಟಿಕೊಂಡು ಸೀಮೆಎಣ್ಣೆಯಾಯಿತು. ಪೆಟ್ರೋಲಿಯಂ ಎಂಬುದಕ್ಕಂತೂ ಲ್ಯಾಟಿನ್ನಿನಲ್ಲಿ ಕಲ್ಲೆಣ್ಣೆ ಎಂದೇ ಅರ್ಥ. ಹಾಗಾದರೆ, ಕಲ್ಲಿಗೆ ಬರವಿಲ್ಲದ ನಮ್ಮ ದುದ್ದದ ಕಡೆ ಕಲ್ಲೆಣ್ಣೆ ಏಕಿಲ್ಲವೆಂದು ತರಗತಿಯಲ್ಲಿ ಹುಡುಗರು ಕೇಳುವುದುಂಟು.

ಕಲ್ಲುಗಳಲ್ಲಿಯೂ ಬಗೆಗಳಿವೆ. ನೀರಿನ ತಳದಲ್ಲಿ ಕೆಸರು ಮರಳು ಪದರಪದರವಾಗಿ ಕೂತು, ಸೂಕ್ಷ್ಮಜೀವಿಗಳ ಅವಶೇಷ ಅದರಡಿ ಹೂತು, ಕೋಟ್ಯಂತರ ವರ್ಷ ಹದವಾದ ಕಾವಿನಲ್ಲಿ ಬೆಂದಲ್ಲಿ ಕಲ್ಲೆಣ್ಣೆ ಹುಟ್ಟುತ್ತದೆ. ಹಾಸನ, ಗೊರೂರು ಸುತ್ತಿನ ಬಂಡೆಯಾದರೋ ಮುನ್ನೂರು ಕೋಟಿ ವರ್ಷಕ್ಕೂ ಹಳೆಯದು, ಆಳದ ಉರಿಯಲ್ಲಿ ಗಟ್ಟಿಗೊಂಡದ್ದು. ಇದನ್ನು ಎಷ್ಟು ಕೊರೆದರೂ ಬರುವುದು ನೀರು, ಅದೂ ಅದೃಷ್ಟವಿದ್ದರೆ.

ಎಣ್ಣೆ ಇದ್ದೀತೆಂದು ಹುಡುಕಿದ ನಾಡೊಂದರ ವೃತ್ತಾಂತವನ್ನು ಈಗ ಕೇಳಿ. ಆಸ್ಟ್ರೇಲಿಯಾದ ನಡುವೆ ಸಿಂಪ್ಸನ್ ಮರುಭೂಮಿ ಇದೆ. ಉತ್ತರದಿಂದ ದಕ್ಷಿಣಕ್ಕೆ ಚಾಚಿದ ಕೆಂಪು ಮರಳಿನ ದಿಬ್ಬಗಳು ಅಲ್ಲಿ ಸಾವಿರಕ್ಕೂ ಮಿಗಿಲು, ನೇಗಿಲಸಾಲಿನಂತೆ ಒಂದರ ಪಕ್ಕ ಒಂದು. ವಾಂಗ್‌ಕಂಗುರು ಎಂಬ ಮೂಲನಿವಾಸಿಗಳು ಆ ಮರಳಿನ ನಡುವೆ ತೋಡಿಕೊಂಡ ಬಾವಿಗಳನ್ನು ನಂಬಿ ತಲೆತಲಾಂತರದಿಂದ ಬಾಳಿದರು. ಬಿಳಿಯರಿಗೆ ಅದನ್ನು ಅಡ್ಡಲಾಗಿ ದಾಟುವುದು 1936ರವರೆಗೆ ಆಗಲಿಲ್ಲ. ಆ ವರ್ಷ ಕೋಲ್ಸನ್ ಎಂಬಾತ ಮೂಲನಿವಾಸಿ ಜೊತೆಗಾರನೊಬ್ಬನೊಡನೆ ಒಂಟೆಗಳ ಮೇಲೆ ದಾಟಿದ. 1962ರಲ್ಲಿ ಭೂವಿಜ್ಞಾನಿ ರೆಗ್ ಸ್ಪ್ರಿಗ್ ಹೆಂಡತಿ ಮಕ್ಕಳನ್ನೂ ಕೂರಿಸಿಕೊಂಡು ಮೋಟಾರು ಬಂಡಿಯಲ್ಲಿ ದಾಟಿದ. ಮರುವರ್ಷವೇ ಫ್ರೆಂಚ್ ಎಣ್ಣೆ ಕಂಪನಿಯೊಂದು ಬುಲ್‌ಡೋಜರುಗಳನ್ನು ತಂದು ದಿಬ್ಬಗಳನ್ನು ಸೀಳಿ ದಾರಿ ಎಳೆಯಿತು. ಅದಕ್ಕೆ ಇಂದಿಗೂ ಫ್ರೆಂಚ್ ಲೈನ್ ಎಂದೇ ಹೆಸರು.

ಆ ದಾರಿ ಬಳಸದೆ ನೇರವಾಗಿ ಹೋಗಿರುವುದಕ್ಕೆ ಕಾರಣವಿದೆ. ಎಣ್ಣೆ ಹುಡುಕುವವರು ನೆಲದಲ್ಲಿ ಮದ್ದು ಸಿಡಿಸುತ್ತಾರೆ. ಆ ಅದುರು ಕೆಳಗಿನ ಪದರಗಳಿಗೆ ಬಡಿದು ಹಿಂದಿರುಗುತ್ತದೆ. ಸಾಲಾಗಿ ಹೂಳಿದ ಯಂತ್ರಗಳು ಅದು ಬಂದ ಹೊತ್ತನ್ನು ದಾಖಲಿಸುತ್ತವೆ. ಲೆಕ್ಕಕ್ಕೆ ನೇರಸಾಲೇ ಅನುಕೂಲ. ಆದರೆ ಕಂಪನಿಗೆ ಅಲ್ಲಿ ಲಾಭ ಕೊಡುವ ಎಣ್ಣೆ ಸಿಗಲಿಲ್ಲ. ಪರ್ನಿ ಎಂಬಲ್ಲಿ ಕೊರೆದ ಬಾವಿಯಿಂದ ಬಿಸಿನೀರು ಉಕ್ಕಿತು, ಅಲ್ಲಿ ಜೊಂಡು ಬೆಳೆದು ಹಕ್ಕಿಗಳು ನೆರೆದವು. ಹುಡುಕಿದವರು ಹೋದರು, ಜಾಡು ಉಳಿಯಿತು. ಇಂದು ಪ್ರವಾಸಿಗಳು ಅದರ ಮೇಲೆ ಓಡಾಡುತ್ತಾರೆ.

ನಮ್ಮಲ್ಲಿ ಇದರ ತಿರುಗುಮುರುಗು. ನಮ್ಮ ನೆಲದಲ್ಲಿ ಎಣ್ಣೆ ಹುಟ್ಟದು, ಆದರೆ ಹರಿಯುತ್ತದೆ. ಜಾಡು ಮಾತ್ರ ಕಣ್ಣಿಗೆ ಬೀಳದು. ಮಂಗಳೂರಿನ ಸಂಸ್ಕರಣಾಗಾರ 1996ರಲ್ಲಿ ಕೆಲಸ ತೊಡಗಿದ ಮೇಲೆ ಟ್ಯಾಂಕರು ಲಾರಿಗಳು ಶಿರಾಡಿ ಘಟ್ಟವನ್ನು ಏದುತ್ತ ಹತ್ತುತ್ತಿದ್ದವು. ಮಳೆಗಾಲದ ಶಿರಾಡಿಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. 2003ರಲ್ಲಿ ಮಂಗಳೂರಿನಿಂದ ನೆರಿಯದ ಮಾರ್ಗವಾಗಿ ಘಟ್ಟವೇರಿ, ಹಾಸನವನ್ನು ಹಾಯ್ದು, ಬೆಂಗಳೂರಿನ ಬಳಿಯ ದೇವನಗೊಂದಿಯವರೆಗೆ ಸುಮಾರು 362 ಕಿಲೋಮೀಟರು ಉದ್ದದ ಉಕ್ಕಿನ ಕೊಳವೆ ಕೆಲಸಕ್ಕೆ ಬಂತು. ಒಂದೇ ಕೊಳವೆಯಲ್ಲಿ ಪೆಟ್ರೋಲು, ಡೀಸೆಲು ಒಂದರ ಬೆನ್ನಿಗೊಂದು ಹೋಗುತ್ತವೆ, ನಡುವೆ ಗೋಡೆಯಿಲ್ಲದೆ! ಎರಡೂ ಕೂಡುವೆಡೆಯಲ್ಲಿ ಬೆರೆತ ಸ್ವಲ್ಪ ಭಾಗವನ್ನು ಕೊನೆಯಲ್ಲಿ ಬೇರೆ ತೊಟ್ಟಿಗೆ ತಿರುಗಿಸುತ್ತಾರೆ. ಹಸಿನೆಲದಲ್ಲಿ ಉಕ್ಕು ತುಕ್ಕು ಹಿಡಿಯದಂತೆ ಹೊದಿಕೆಯ ಜೊತೆಗೆ ಸಣ್ಣ ವಿದ್ಯುತ್ ಪ್ರವಾಹದ ಕಾವಲೂ ಉಂಟು.

ಇಲ್ಲಿ ಜಮೀನುಳ್ಳ ಮನೆಗಳವರು ಸ್ವಲ್ಪ ಕಿವಿಗೊಡಬೇಕು. ಕೊಳವೆಗೆ ನೆಲವನ್ನು ಕೊಳ್ಳುವುದಿಲ್ಲ. 1962ರ ಕೇಂದ್ರ ಕಾನೂನೊಂದರಂತೆ ಬಳಕೆಯ ಹಕ್ಕನ್ನಷ್ಟೇ ಪಡೆಯುತ್ತಾರೆ. ಹೊಲ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ರಾಗಿ ಬಿತ್ತಬಹುದು, ಆಲೂಗಡ್ಡೆ ಹಾಕಬಹುದು. ಆದರೆ ಆ ಪಟ್ಟಿಯ ಮೇಲೆ ಮನೆ ಕಟ್ಟುವಂತಿಲ್ಲ, ಬಾವಿ ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ತೆಂಗಿನ ಸಸಿಯೂ ಮರವೇ ಎಂಬುದನ್ನು ಮರೆಯಬೇಡಿ. ಬೆಳೆಯ ನಷ್ಟಕ್ಕೆ ಪರಿಹಾರವುಂಟು. ಹಕ್ಕಿಗಾಗಿ ಕೊಡುವುದು ಜಮೀನಿನ ಮಾರುಕಟ್ಟೆ ಬೆಲೆಯ ನೂರಕ್ಕೆ ಹತ್ತು ಪಾಲು. ಒಂದು ತೆಂಗಿನ ಮರ ಮಗನಿಗೂ ಮೊಮ್ಮಗನಿಗೂ ಕಾಯಿ ಕೊಡುವುದನ್ನು ಕಂಡ ನಮಗೆ ಇದು ಕಡಿಮೆಯೆಂದೇ ತೋರುತ್ತದೆ.

ರೈತನ ಪರವಾದ ಮಾತುಗಳೂ ಅದೇ ಕಾನೂನಿನಲ್ಲಿವೆ. ವಾಸದ ಮನೆಯ ಕೆಳಗೆ ಕೊಳವೆ ಹಾಯಿಸಕೂಡದು. ಒಂದು ಮೀಟರಿಗಿಂತ ಮೇಲೆ ಹೂಳಕೂಡದು. ಪ್ರಕಟಣೆ ಹೊರಟ ಇಪ್ಪತ್ತೊಂದು ದಿನಗಳೊಳಗೆ ತಕರಾರು ಬರೆದು ಸಲ್ಲಿಸಬಹುದು. ಕಚೇರಿಯಿಂದ ಬಂದ ಕಾಗದವನ್ನು ಓದದೆ ಸೂರಿನ ಸಂದಿಗೆ ಸಿಕ್ಕಿಸುವುದು ನಮ್ಮ ಕಡೆಯ ರೂಢಿ. ಆ ಇಪ್ಪತ್ತೊಂದು ದಿನ ಅಲ್ಲಿಯೇ ಕಳೆದುಹೋಗುತ್ತದೆ.

ಹೊಸದಾಗಿ ಜಮೀನು ಕೊಳ್ಳುವವರು ಪಹಣಿಯನ್ನು ನೋಡಿದಂತೆ ಬದುವನ್ನೂ ಒಮ್ಮೆ ಸುತ್ತಿ ಬನ್ನಿ. ಕೊಳವೆ ಹಾದಲ್ಲಿ ಗುರುತಿನ ಕಂಬಗಳನ್ನು ನೆಟ್ಟಿರುತ್ತಾರೆ. ಬಾವಿ ತೋಡುವ ಯಂತ್ರವನ್ನು ಕರೆಸುವುದು ಆ ಮೇಲಿನ ಮಾತು.