ಹನ್ನೊಂದು ಗೆಲುವು, ಎರಡು ಸೋಲು



ದೀರ್ಘಕಾಲ ಶಾಸಕರಾಗಿದ್ದವರೊಬ್ಬರ ಕುರಿತು ನಾಲ್ಕು ಮಾತನಾಡಬೇಕೆಂದು ಸಂಚಾಲಕರು ಅಪ್ಪಣೆ ಮಾಡಿದಾಗ, ನಮ್ಮ ನಾಡಿನ ಮಲ್ಲಿಕಾರ್ಜುನ ಖರ್ಗೆಯವರ ಹೆಸರೇ ಮೊದಲು ನೆನಪಾಯಿತು. 1972ರಿಂದ 2008ರವರೆಗೆ ಒಂಬತ್ತು ವಿಧಾನಸಭಾ ಚುನಾವಣೆಗಳಲ್ಲಿ ಅವರು ಸೋಲೆಂಬುದನ್ನೇ ಕಾಣಲಿಲ್ಲ. ಆದರೂ ಇಂದು ತಮ್ಮ ಮುಂದೆ ನಿವೇದಿಸಲಿರುವುದು ಎರಡು ಬಾರಿ ಸೋತ ಹಿರಿಯರೊಬ್ಬರ ವೃತ್ತಾಂತವನ್ನು. ಅವರೇ ಸೋಲಾಪುರ ಜಿಲ್ಲೆಯ ಸಾಂಗೋಲೆಯ ಗಣಪತರಾವ್ ದೇಶಮುಖರು.

ಸಾಂಗೋಲೆ ನಮಗೆ ತೀರ ದೂರದ ಊರಲ್ಲ. ನೆರೆಯ ಮಂಗಳವೇಢೆಯು ಕಳಚುರಿಗಳ ರಾಜಧಾನಿಯಾಗಿದ್ದ ಸ್ಥಳ. ಅಲ್ಲಿಯ ಮಾಣ ನದಿ ಸೇರುವ ಭೀಮೆಯು ಮುಂದೆ ನಮ್ಮ ಕಲಬುರಗಿ ಸೀಮೆಗೆ ಹರಿದುಬರುತ್ತದೆ. ಆದರೆ ಮಾಣೆಯಲ್ಲಿ ನೀರಿರುವುದು ಅಪರೂಪ. ಮಳೆ ಕೈಕೊಟ್ಟರೆ ದುಡಿಯುವ ಕೈಗಳಿಗೆ ಗುಳೆಯೇ ಗತಿಯಾಗಿದ್ದ ತಾಲ್ಲೂಕು ಅದು.

ಅಂಥ ಕ್ಷೇತ್ರದಿಂದ 1962ರಲ್ಲಿ ಅವರು ಮೊದಲ ಬಾರಿ ಆಯ್ಕೆಯಾದದ್ದು ಶೇತಕರಿ ಕಾಮಗಾರ ಪಕ್ಷದಿಂದ, ಎಂದರೆ ರೈತ ಕಾರ್ಮಿಕರ ಪಕ್ಷದಿಂದ. ಆ ಪಕ್ಷದ ಹಿರಿತಲೆಗಳಲ್ಲಿ ಅನೇಕರು ಒಬ್ಬೊಬ್ಬರಾಗಿ ಕಾಂಗ್ರೆಸ್ಸಿನತ್ತ ನಡೆದರು. ದೇಶಮುಖರು ಕದಲಲಿಲ್ಲ. ಪಕ್ಷ ಕ್ಷೀಣಿಸುತ್ತ ಬಂದರೂ ಕಡೆಯವರೆಗೂ ಅದೇ ಬಾವುಟದ ಕೆಳಗೆ ನಿಂತರು. ಇದನ್ನು ಹಟವೆನ್ನುವವರುಂಟು, ನಾನಂತೂ ನಿಷ್ಠೆಯೆಂದೇ ಕರೆಯುತ್ತೇನೆ. ಮಂತ್ರಿಪದವಿ ಅವರಿಗೆ ಒದಗಿದ್ದು 1978ರಲ್ಲೊಮ್ಮೆ, 1999ರಲ್ಲೊಮ್ಮೆ, ಎರಡೂ ಬಾರಿ ಕೂಡುಸರ್ಕಾರಗಳಲ್ಲಿ. ಉಳಿದ ಆಯುಷ್ಯವೆಲ್ಲ ಬಹುಮಟ್ಟಿಗೆ ವಿರೋಧಪಕ್ಷದ ಪೀಠಗಳಲ್ಲಿಯೇ ಕಳೆಯಿತು.

ಮಹಾರಾಷ್ಟ್ರವನ್ನು ಭೀಕರ ಬರವು ತತ್ತರಿಸಿದ 1972ರಲ್ಲಿಯೇ ಅವರಿಗೆ ಮೊದಲ ಸೋಲು. 1974ರ ಉಪಚುನಾವಣೆಯಲ್ಲಿ ಮತ್ತೆ ಗೆದ್ದರು. 1995ರ ಎರಡನೆಯ ಸೋಲು ಕೇವಲ 192 ಮತಗಳಿಂದ! ಮೂರು ದಶಕಗಳ ಸೇವೆಯನ್ನು ತೂಕಕ್ಕಿಟ್ಟು, ಒಂದು ಸಣ್ಣ ಹಳ್ಳಿಯ ಮತಗಳಷ್ಟು ಅಂತರದಿಂದ ಜನರು ಅವರನ್ನು ಮನೆಗೆ ಕಳುಹಿಸಿದರು. ಅವರು ಕ್ಷೇತ್ರವನ್ನು ಬಿಡಲಿಲ್ಲ, ಬೇರೆ ಕ್ಷೇತ್ರವನ್ನು ಅರಸಲೂ ಇಲ್ಲ. 1999ರಲ್ಲಿ ಅದೇ ಜನರು ಅವರನ್ನು ಮರಳಿ ಕಳುಹಿಸಿದರು. 2014ರ ಗೆಲುವು ಹನ್ನೊಂದನೆಯದು.

ಅವರು ಸರ್ಕಾರಿ ಸಾರಿಗೆ ಬಸ್ಸಿನಲ್ಲಿ ಪ್ರಯಾಣಿಸುತ್ತಿದ್ದುದನ್ನು ಎಲ್ಲರೂ ಕೊಂಡಾಡುತ್ತಾರೆ. ಅದು ಸತ್ಯವೇ. ಆದರೆ ಬಸ್ಸಿನ ಕಥೆಗಿಂತ ನೀರಿನ ಕಥೆ ದೊಡ್ಡದು. 1993ರಿಂದ ನಾಗನಾಥಣ್ಣ ನಾಯಕವಡಿಯವರೊಡಗೂಡಿ, ಆಟಪಾಡಿಯಲ್ಲಿ ಸೇರುತ್ತಿದ್ದ ನೀರಿನ ಪರಿಷತ್ತಿನ ಮೂಲಕ, ಬರಪೀಡಿತ ತಾಲ್ಲೂಕುಗಳಿಗೂ ಕೃಷ್ಣೆಯ ನೀರಿನ ಸಮಪಾಲು ಬೇಕೆಂದು ಅವರು ಹೋರಾಡಿದರು. ಬಚಾವತ್ ನ್ಯಾಯಮಂಡಳಿಯ ತೀರ್ಪು 2000ದ ಮೇ 31ರ ಅನಂತರ ಪುನರ್ವಿಮರ್ಶೆಗೆ ಒಳಪಡಬಹುದಾಗಿದ್ದುದರಿಂದ, ಅಷ್ಟರೊಳಗೆ ತಮ್ಮ ಪಾಲನ್ನು ಬಳಸಿಕೊಳ್ಳುವ ಆತುರ ಎಲ್ಲ ರಾಜ್ಯಗಳಿಗೂ ಇತ್ತು. ಆಲಮಟ್ಟಿಯ ಕಾಮಗಾರಿಯನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಿಲ್ಲ. ಕರಾಡದ ಬಳಿಯ ಟೆಂಭೂವಿನಲ್ಲಿ ಕೃಷ್ಣೆಯನ್ನು ಹಂತಹಂತವಾಗಿ ಮೇಲೆತ್ತುವ ಯೋಜನೆಗೆ 1996ರಲ್ಲಿ ಮಂಜೂರಾತಿ ದೊರೆಯಿತು. ಅದರ ಫಲಾನುಭವಿ ತಾಲ್ಲೂಕುಗಳಲ್ಲಿ ಸಾಂಗೋಲೆಯೂ ಒಂದು. ಮಂಜೂರಾತಿಯ ಕಾಗದಕ್ಕೂ ಹೊಲದ ಕಾಲುವೆಗೂ ನಡುವೆ ಎಷ್ಟು ವರ್ಷಗಳು ಸರಿಯುತ್ತವೆಂಬುದು ರೈತನಿಗಷ್ಟೇ ಗೊತ್ತು. ಅಷ್ಟು ವರ್ಷವೂ ಒಂದೇ ಪ್ರಶ್ನೆಯನ್ನು ಸದನದಲ್ಲಿ ಮತ್ತೆ ಮತ್ತೆ ಎತ್ತಲು ಒಬ್ಬ ಮನುಷ್ಯ ಅಲ್ಲಿ ಇರಬೇಕಷ್ಟೆ. ಐದು ವರ್ಷಕ್ಕೊಬ್ಬರು ಬದಲಾದರೆ ಕಡತವು ಪ್ರತಿಸಲವೂ ಮೊದಲಿನಿಂದ ಆರಂಭವಾಗುತ್ತದೆ.

2019ರಲ್ಲಿ ವಯಸ್ಸಿನ ಕಾರಣದಿಂದ ಅವರು ಸ್ಪರ್ಧಿಸಲಿಲ್ಲ. ಅವರ ಮೊಮ್ಮಗ ನಿಂತು 768 ಮತಗಳಿಂದ ಸೋತರು. ಅಜ್ಜನ ಹೆಸರನ್ನು ಮಾತ್ರ ನೋಡಿ ಮತ ಹಾಕುವ ಜನ ತಾವಲ್ಲವೆಂದು ಸಾಂಗೋಲೆಯವರು ತೋರಿಸಿದರೆಂದು ನನಗೆ ಒಳಗೊಳಗೇ ಸಮಾಧಾನವಾಗಿದ್ದುಂಟು. 2021ರ ಜುಲೈ 30ರಂದು ದೇಶಮುಖರು ಸೋಲಾಪುರದಲ್ಲಿ ತೀರಿಕೊಂಡರು. 2024ರ ಚುನಾವಣೆಯಲ್ಲಿ ಇನ್ನೊಬ್ಬ ಮೊಮ್ಮಗ ಅದೇ ಪಕ್ಷದಿಂದ, ಅದೇ ಕ್ಷೇತ್ರದಿಂದ ಗೆದ್ದು ವಿಧಾನಸಭೆಯನ್ನು ಪ್ರವೇಶಿಸಿದರು.