ಮಳೆ, ಕಡಲು, ಕ್ಯಾಂಪರ್ ವ್ಯಾನ್: ರಾತ್ರಿ ಗಾಡಿ ಎಲ್ಲಿ ನಿಲ್ಸಿದ್ದೀರಾ?

ಇಯರ್‌ಫೋನ್ ಹಾಕ್ಕೊಂಡು ಮೆಟ್ರೋದಲ್ಲಿ ಕೂತಿದ್ರೆ ಆರಾಮಾಗಿ ಕೇಳಿ. ಗಾಡಿ ಓಡಿಸ್ತಾ ಇದ್ರೆ ಮಾತ್ರ ಒಂದು ಒಳ್ಳೆ ಜಾಗ ನೋಡಿ ನಿಲ್ಸಿ, ಆಮೇಲೆ ಕೇಳಿ. ಯಾಕಂದ್ರೆ ಇವತ್ತಿನ ವಿಷಯಾನೇ ಅದು, ಗಾಡಿ ಎಲ್ಲಿ ನಿಲ್ಲಿಸಬೇಕು ಅನ್ನೋದು.

ಕಳೆದ ಮಳೆಗಾಲ, ಜುಲೈ ತಿಂಗಳು. ನನ್ನ ಕಾಲೇಜು ಗೆಳೆಯ, ಅವನ ಹೆಂಡ್ತಿ, ನಾಲ್ಕು ವರ್ಷದ ಮಗಳು, ಮೂರು ಜನ ಒಂದು ಕ್ಯಾಂಪರ್ ವ್ಯಾನ್ ಬಾಡಿಗೆಗೆ ತಗೊಂಡು ಉಡುಪಿಯಿಂದ ಕಾರವಾರದವರೆಗೆ ಸುತ್ತೋಕೆ ಹೊರಟಿದ್ರು. "ವೀಕೆಂಡಿಗೆ ನೀನೂ ಬಾರೋ, ಒಂದು ಬೆಡ್ ಖಾಲಿ ಇದೆ" ಅಂತ ಫೋನ್ ಮಾಡಿದ. ಮರವಂತೆಯಿಂದ ವಿಡಿಯೋ ಬೇರೆ ಕಳಿಸಿದ್ದ. ಹೆದ್ದಾರಿಯ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ಮಧ್ಯೆ ಇವನ ವ್ಯಾನು. ಯಾರಿಗೆ ತಾನೇ ಆಸೆ ಆಗಲ್ಲ ಹೇಳಿ?

ನಮ್ಮನೆ ಓಕಳಿಪುರಂನಲ್ಲಿ. ಸಿಟಿ ಸ್ಟೇಷನ್ನಿಗೆ ನಡ್ಕೊಂಡೇ ಹೋಗಬಹುದು. ಶುಕ್ರವಾರ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ, ಸಕಲೇಶಪುರ ಘಾಟಿಯ 57 ಸುರಂಗಗಳನ್ನ ನಿದ್ದೆಯಲ್ಲೇ ದಾಟಿ, ಬೆಳಬೆಳಗ್ಗೆ ಬೈಂದೂರಿನಲ್ಲಿ ಇಳಿದೆ. ಇಳಿದ ತಕ್ಷಣ ಛತ್ರಿ ಮಗುಚಿಕೊಳ್ತು. ಬೆಂಗಳೂರಿಗೆ ವರ್ಷಪೂರ್ತಿ ಬೀಳೋದು ಸುಮಾರು 1,000 ಮಿಲಿಮೀಟರ್ ಮಳೆ. ಉಡುಪಿ ಜಿಲ್ಲೆಯಲ್ಲಿ ಅದು 4,000ದ ಆಸುಪಾಸು, ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ನಮ್ಮ ಛತ್ರಿ ಯಾವ ಲೆಕ್ಕ?

ವ್ಯಾನ್ ಒಳಗಿನ ಕಥೆ ವಿಡಿಯೋದಲ್ಲಿ ಇದ್ದ ಹಾಗಿರಲಿಲ್ಲ. ಮೂರು ದಿನದಿಂದ ಒಂದು ಬಟ್ಟೆನೂ ಒಣಗಿಲ್ಲ. ಮೋಡ ಮುಚ್ಚಿರೋದ್ರಿಂದ ಮೇಲಿನ ಸೋಲಾರ್ ಪ್ಯಾನಲ್ ಬ್ಯಾಟರಿ ತುಂಬಿಸ್ತಿಲ್ಲ, ಫ್ರಿಡ್ಜ್ ಆಫ್. ಬಿಸಿಬಿಸಿ ಮೀನು ತಿನ್ನೋಣ ಅಂದ್ರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮಳೆ ಒಳಗೆ ಬರುತ್ತೆ ಅಂತ ಎಲ್ಲಾ ಕಿಟಕಿ ಮುಚ್ಚಿ ಗ್ಯಾಸ್ ಹಚ್ಚಿ ಟೀ ಮಾಡ್ತಿದ್ದ. ಅದು ಮಾತ್ರ ಮಾಡಬೇಡಿ. ಮುಚ್ಚಿದ ಜಾಗದಲ್ಲಿ ಸ್ಟವ್ ಉರಿದ್ರೆ ಕಾರ್ಬನ್ ಮಾನಾಕ್ಸೈಡ್ ತುಂಬ್ಕೋಬಹುದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಒಂದು ಕಿಟಕಿ ತೆಗೆದಿಡಿ, ನೆನೆದ್ರೂ ಪರವಾಗಿಲ್ಲ.

ಆದ್ರೂ ನಿಜ ಹೇಳ್ತೀನಿ, ತುಂಬಾ ಖುಷಿಯಾಗಿತ್ತು. ತಗಡಿನ ಮೇಲೆ ಮಳೆ ಸದ್ದು, ಮಗು ನನ್ನ ತೊಡೆ ಮೇಲೆ ಕೂತು "ಮಾಮ, ಇನ್ನೊಂದು ಕಥೆ" ಅಂತಿತ್ತು.

ಸಂಜೆ ಆರಕ್ಕೆ ಮಳೆ ಜೋರಾಯ್ತು. ಬೈಂದೂರು ದಾಟಿ, ಗುಡ್ಡ ಕಡಿದು ಹೆದ್ದಾರಿ ಮಾಡಿರೋ ಒಂದು ಕಡೆ, ರಸ್ತೆ ಪಕ್ಕ ಅಗಲವಾದ ಜಾಗ ಸಿಕ್ತು. ಎದುರಿಗೆ ಕಡಲು ಕಾಣುತ್ತೆ, ಹಿಂದಿನ ಗುಡ್ಡ ಗಾಳಿ ತಡೆಯುತ್ತೆ. "ಇವತ್ತು ರಾತ್ರಿ ಇಲ್ಲೇ" ಅಂದ ಗೆಳೆಯ.

ನಾನು ಹಿಂದೆ ತಿರುಗಿ ನೋಡ್ದೆ. ನೆಟ್ಟಗೆ ಕಡಿದ ಕೆಂಪು ಗುಡ್ಡ. ಬುಡದಿಂದ ಕೆಸರು ನೀರು ಜಿನುಗ್ತಾ ಇತ್ತು. ಹೊಟ್ಟೆಯೊಳಗೆ ಏನೋ ಆಯ್ತು. ಆದ್ರೆ ಬಾಯಿ ಬಿಡ್ಲಿಲ್ಲ. ಬಂದಿರೋನು ಅತಿಥಿ, ಬಾಡಿಗೆ ಕೊಟ್ಟಿರೋನು ಅವನು. ನಿನ್ನೆ ಮೊನ್ನೆ ಬಂದು ತಪ್ಪು ಹುಡುಕ್ತಾನೆ ಅಂದ್ಕೋತಾರೆ ಅನ್ನಿಸ್ತು. ಸುಮ್ನೆ ಬೆಡ್‌ಶೀಟ್ ಹಾಸಿದೆ.

ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದ್ರು. ಗೊರಬು ಹಾಕ್ಕೊಂಡ ಒಬ್ಬರು ಅಮ್ಮ, ಮನೆಗೆ ಹೋಗ್ತಾ ಇದ್ದವರು. "ಹ್ವಾಯ್, ಇಲ್ಲ್ ಎಂತಕೆ ನಿಲ್ಸಿದ್ರಿ? ಗುಡ್ಡಿ ಕಾಣಿ ಒಂದ್ಸಲ!" ಅಂದ್ರು. ಅಷ್ಟೇ. ಒಳಗೆ ಮಗು ಇರೋದು ನೋಡಿ, ನಾವು ಗಾಡಿ ಸ್ಟಾರ್ಟ್ ಮಾಡೋವರೆಗೂ ಅಲ್ಲಿಂದ ಕದಲಲೇ ಇಲ್ಲ.

ಅವರಿಗೆ ಯಾಕಷ್ಟು ಭಯ? ಕರಾವಳಿಯ ಬಹಳಷ್ಟು ಗುಡ್ಡಗಳಲ್ಲಿ ಮೇಲೆ ಮುರಕಲ್ಲು, ಅದರ ಕೆಳಗೆ ಮೆತ್ತನೆಯ ಶೇಡಿ ಮಣ್ಣು. ಮುರಕಲ್ಲಿನ ತೂತುಗಳಿಂದ ಇಳಿದ ನೀರು ಶೇಡಿ ಮಣ್ಣನ್ನ ಸಡಿಲ ಮಾಡುತ್ತೆ. ರಸ್ತೆಗೋಸ್ಕರ ಬುಡ ಕಡಿದಿದ್ರೆ ಮೇಲಿನ ಭಾರಕ್ಕೆ ಆಸರೆಯೇ ಇರಲ್ಲ.

ಇದೇ ಹೆದ್ದಾರಿ 66ರಲ್ಲಿ ಇನ್ನೂ ಉತ್ತರಕ್ಕೆ ಹೋದ್ರೆ ಶಿರೂರು. ಬೈಂದೂರಿನ ಪಕ್ಕದ ಶಿರೂರಲ್ಲ, ಅಂಕೋಲಾದ್ದು. 2024ರ ಜುಲೈ 16ರ ಬೆಳಗ್ಗೆ ಅಲ್ಲಿ ಗುಡ್ಡ ಕುಸಿದು ಗಂಗಾವಳಿ ನದಿಗೇ ಇಳೀತು. ರಸ್ತೆ ಬದಿಯ ಟೀ ಅಂಗಡಿ, ಅದನ್ನ ನಡೆಸ್ತಿದ್ದ ಕುಟುಂಬ, ನಿಂತಿದ್ದ ಲಾರಿ, ಎಲ್ಲ ಅದರೊಳಗೆ. ಕೇರಳದ ಚಾಲಕರೊಬ್ಬರ ಲಾರಿ ನದಿಯಿಂದ ಮೇಲೆ ಬಂದಿದ್ದು ಸೆಪ್ಟೆಂಬರ್ 25ಕ್ಕೆ, 70 ದಿನ ದಾಟಿದ ಮೇಲೆ. ನಮ್ಮ ಹಾಗೇ ದಾರಿಯಲ್ಲಿ ಒಂದು ಕಡೆ ನಿಂತವರು ಅವರು.

ನಾವು ಒಂದು ಪೆಟ್ರೋಲ್ ಬಂಕ್‌ನ ಸಮತಟ್ಟಾದ ಜಾಗದಲ್ಲಿ, ಕೇಳ್ಕೊಂಡು, ರಾತ್ರಿ ಕಳೆದ್ವಿ. ಬೆಳಗ್ಗೆ ಅದೇ ದಾರಿಯಲ್ಲಿ ಬಂದು ನೋಡಿದ್ರೆ ಗುಡ್ಡ ಹಾಗೇ ಇತ್ತು. "ನೋಡು, ಏನೂ ಆಗ್ಲಿಲ್ಲ" ಅಂತ ಗೆಳೆಯ ನಕ್ಕ. ಅವನ ಹೆಂಡ್ತಿ ನಗಲಿಲ್ಲ. "ಆಗೋದಿದ್ರೆ ನಿನಗೆ ಹೇಳಿ ಆಗ್ತಿತ್ತಾ?" ಅಂದ್ಲು. ಆಗ ನಾನು, "ನನಗೂ ನಿನ್ನೆನೇ ಅನ್ನಿಸಿತ್ತು ಕಣೋ, ಹೇಳಲಿಲ್ಲ" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ನಿದ್ದು, "ನನ್ನ ಮಗಳು ಒಳಗಿದ್ಲು. ಹೇಳಬೇಕಿತ್ತು" ಅಂದ. ಆ ಮಾತು ಇನ್ನೂ ನನ್ನ ಜೊತೆ ಇದೆ.

ವಾಪಸ್ ಬರೋವಾಗ ರೈಲಿನಲ್ಲಿ ಇದೇ ಯೋಚನೆ. ಮಳೆ ಬಂದು ಓಕಳಿಪುರಂ ಅಂಡರ್‌ಪಾಸಲ್ಲಿ ನೀರು ನಿಂತ್ರೆ, ನಾನು ಮುಖ ಪರಿಚಯ ಇಲ್ಲದ ಸ್ಕೂಟರ್‌ನವರನ್ನೂ ಕೈ ಅಡ್ಡ ಹಾಕಿ ನಿಲ್ಲಿಸ್ತೀನಿ. "ಇಳೀಬೇಡಿ ಸಾರ್, ಆಳ ಗೊತ್ತಾಗಲ್ಲ" ಅಂತೀನಿ. 2023ರ ಮೇ 21ರಂದು ಕೆ.ಆರ್. ಸರ್ಕಲ್ ಅಂಡರ್‌ಪಾಸಿನ ನೀರಿನಲ್ಲಿ ಕಾರು ಸಿಕ್ಕಿ ಒಬ್ಬ ಯುವತಿ ತೀರಿಹೋದ ಮೇಲಂತೂ ಸಂಕೋಚಾನೇ ಹೋಗಿದೆ. ಅಪರಿಚಿತರಿಗೆ ಹೇಳೋನು ಗೆಳೆಯನಿಗೆ ಹೇಳಲಿಲ್ಲ. ಆ ಅಮ್ಮನಿಗೆ ನಾವು ಯಾರು? ಯಾರೂ ಅಲ್ಲ. ಅವರು ಹೇಳಿದ್ರು.

ಮಳೆಗಾಲದಲ್ಲಿ ಹೊರಡೋರು ಇಷ್ಟು ಮಾಡಿ. ಹವಾಮಾನ ಇಲಾಖೆಯ ಅಲರ್ಟ್ ದಿನಾ ನೋಡಿ. 24 ಗಂಟೆಯಲ್ಲಿ 204 ಮಿಲಿಮೀಟರ್ ದಾಟಿದ್ರೆ ಅದು ಅತ್ಯಂತ ಭಾರಿ ಮಳೆ. ರೆಡ್ ಅಲರ್ಟ್ ಇದ್ರೆ ವ್ಯಾನ್ ಬಿಟ್ಟು ಲಾಡ್ಜ್ ಹಿಡೀರಿ. ಕಡಿದ ಗುಡ್ಡ, ವಾಲಿದ ಮರ, ಬುಡದಿಂದ ಜಿನುಗೋ ಕೆಸರು ನೀರು ಕಂಡ್ರೆ ಅಲ್ಲಿ ನಿಲ್ಲಬೇಡಿ. ಕತ್ತಲಾಗೋ ಮುಂಚೆ ಊರವರನ್ನ ಕೇಳಿ. ಜೊತೆಗಿರೋರು ಬೇಜಾರು ಮಾಡ್ಕೋತಾರೆ ಅಂತ ಸುಮ್ನಿರಬೇಡಿ. ಬೇಜಾರು ಬೆಳಗ್ಗೆ ಟೀ ಹೊತ್ತಿಗೆ ಹೋಗುತ್ತೆ.

ನಿಮ್ಮ ಗೆಳೆಯರು ಯಾರಾದ್ರೂ ಈಗ ಕರಾವಳಿ ಕಡೆ ಹೊರಟಿದ್ರೆ ಒಂದು ಫೋನ್ ಮಾಡಿ. ಫೋಟೋ ಕಳ್ಸು ಅನ್ನೋ ಮುಂಚೆ, ರಾತ್ರಿ ಗಾಡಿ ಎಲ್ಲಿ ನಿಲ್ಸಿದ್ದೀಯಾ ಅಂತ ಕೇಳಿ. ಮತ್ತೆ ಸಿಗೋಣ, ನಮಸ್ಕಾರ.